ಬಳ್ಳಾರಿಯಲ್ಲಿ ಮನೆಗೇ ಬಂದು ನೋಡಿಕೊಳ್ಳುವ ಕೇರ್‌ಟೇಕರ್ ಸೇವೆ: ಎರಡು ವರ್ಷ ಬಳಸಿದವಳ ಮಾತು

ಅಮ್ಮನಿಗಾಗಿ ಬಳ್ಳಾರಿಯ ಒಂದು ಹೋಮ್ ಕೇರ್ ಏಜೆನ್ಸಿಯಿಂದ 24 ಗಂಟೆಯ ಕೇರ್‌ಟೇಕರ್ ಇಟ್ಟುಕೊಂಡು ಎರಡು ವರ್ಷ ದಾಟಿತು. ದೂರದಲ್ಲಿರುವ ಮಕ್ಕಳು ತುಂಬಾ ಜನ ನನ್ನನ್ನು ಕೇಳುತ್ತಾರೆ, ಅದರಲ್ಲೂ ಮಿಷನ್ ಸೇವೆಗೆ ಅಂತ ಹೊರದೇಶಕ್ಕೆ ಹೋದವರು. "ಸಿಸ್ಟರ್, ನಂಬಬಹುದಾ? ಎಷ್ಟು ಆಗುತ್ತೆ? ಅಮ್ಮ ಅಪ್ಪನನ್ನು ಬಿಟ್ಟು ಬರೋದು ಹೇಗೆ?" ಅಂತ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಇಲ್ಲೇ ಎಲ್ಲ ಬರೆದುಬಿಡುತ್ತೇನೆ. ಏಜೆನ್ಸಿ ಹೆಸರು ಹಾಕುವುದಿಲ್ಲ. ಅವರ ತಪ್ಪನ್ನೂ ಬರೆಯುತ್ತಿದ್ದೇನೆ, ಒಳ್ಳೆಯದನ್ನೂ ಬರೆಯುತ್ತಿದ್ದೇನೆ. ಆಗ ನಾನು ವಿಚಾರಿಸಿದ ಮೂರು ಕಡೆಯೂ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ ಥರ ಇತ್ತು.

ಮೊದಲು ನಾನು ಯಾರು ಅಂತ ಹೇಳಬೇಕು, ಇಲ್ಲದಿದ್ದರೆ ಉಳಿದದ್ದು ಅರ್ಥ ಆಗಲ್ಲ. ನಾನು ನರ್ಸ್. ಕೌಲ್ ಬಜಾರ್‌ನಲ್ಲಿ ಹುಟ್ಟಿ ಬೆಳೆದವಳು. ಅಪ್ಪ ರೈಲ್ವೆಯಲ್ಲಿದ್ದರು, ಈಗಿಲ್ಲ. ಅಮ್ಮ ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸಿ ಕತ್ತರಿಸಿ ನನ್ನ ನರ್ಸಿಂಗ್ ಫೀಸು ಕಟ್ಟಿದಳು. ನಮ್ಮೂರಿನ ಜೀನ್ಸ್ ಕೆಲಸ ಗೊತ್ತಿರುವವರಿಗೆ ಗೊತ್ತು, ಒಂದು ಪ್ಯಾಂಟಿಗೆ ಎಷ್ಟು ಸಿಗುತ್ತೆ ಅಂತ. 2022ರಿಂದ ನಾನು ಆಫ್ರಿಕಾದ ಮಲಾವಿ ದೇಶದಲ್ಲಿ, ದಕ್ಷಿಣದ ಒಂದು ಮಿಷನ್ ಆಸ್ಪತ್ರೆಯಲ್ಲಿ ಸೇವೆಯಲ್ಲಿದ್ದೇನೆ. ಸಂಬಳಕ್ಕೆ ಹೋದದ್ದಲ್ಲ. ದೇವರು ಕರೆದ ಅಂತ ನಂಬಿ ಹೋದದ್ದು. ಊಟ, ಖರ್ಚಿಗೆ ಆಗುವಷ್ಟು ಭತ್ಯೆ ಕೊಡುತ್ತಾರೆ, ಅಷ್ಟೇ. ಮದುವೆ ಆಗಿಲ್ಲ. ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಅಮ್ಮ ಬಳ್ಳಾರಿ ಬಿಟ್ಟು ಬರಲ್ಲ ಅಂದಳು. ನಾನು ಹೊರಡುವಾಗ ಆಕೆ ಚೆನ್ನಾಗಿ ಓಡಾಡಿಕೊಂಡಿದ್ದಳು, "ನೀ ಹೋಗು, ದೇವರ ಕೆಲಸ, ನಾನು ಇರ್ತೀನಿ" ಅಂದಳು. ಆ ಮಾತನ್ನೇ ಹಿಡಿದುಕೊಂಡು ಹೋದೆ.

2023ರ ಮಾರ್ಚ್. ಫ್ರೆಡ್ಡಿ ಚಂಡಮಾರುತ ದಕ್ಷಿಣ ಮಲಾವಿಯ ಮೇಲೆ ಬಂದ ವಾರ. ಬ್ಲಾಂಟೈರ್ ಊರಿನಲ್ಲಿ ಗುಡ್ಡದ ಮಣ್ಣು ಕುಸಿದು ರಾತ್ರೋರಾತ್ರಿ ಮನೆಗಳು ಕೊಚ್ಚಿ ಹೋದವು. ಕಾಲರಾ ಆಗಲೇ ಒಂದು ವರ್ಷದಿಂದ ಹರಡಿತ್ತು. ನಮ್ಮ ವಾರ್ಡಿನಲ್ಲಿ ಒಂದು ಹಾಸಿಗೆಗೆ ಇಬ್ಬರು, ನೆಲದ ಮೇಲೆ ಇನ್ನೂ ಕೆಲವರು. ಮೂರು ದಿನ ಕರೆಂಟ್ ಇಲ್ಲ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಅದು ಸರಿಯಾಗಿ ಹತ್ತಿದ ಕ್ಷಣ ಅಣ್ಣನ ಮೆಸೇಜು ಒಂದರ ಹಿಂದೆ ಒಂದು ಬಿದ್ದವು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ, ತೊಡೆ ಮೂಳೆ ಸೊಂಟದ ಹತ್ತಿರ ಮುರಿದಿದೆ, ನಾಳೆ ಆಪರೇಷನ್, ಎಲ್ಲಿದ್ದೀಯ, ಯಾಕೆ ಫೋನ್ ಎತ್ತಲ್ಲ.

ನಾನು ಹೋಗಲಿಲ್ಲ. ಹೋಗಲು ದಾರಿಯೂ ಇರಲಿಲ್ಲ, ಸೇತುವೆಗಳು ಹೋಗಿದ್ದವು. ಆದರೆ ದಾರಿ ಇದ್ದಿದ್ದರೂ ಆ ವಾರ ಹೋಗುತ್ತಿದ್ದೆನಾ ಅಂತ ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಹೀಗಾಗಿ ಏಜೆನ್ಸಿಯನ್ನು ಹುಡುಕಿದ್ದು ಫೋನಿನಲ್ಲಿ. ಅಣ್ಣ ಎರಡು ವಾರ ರಜೆ ಹಾಕಿದ್ದ, ಮುಗಿಯುತ್ತಾ ಬಂದಿತ್ತು. ಏಜೆನ್ಸಿಯವರು ಮಾತಾಡುವುದು ತುಂಬಾ ಚೆನ್ನಾಗಿ. ನೋಂದಣಿಗೆ 3,000, ತಿಂಗಳಿಗೆ 19,500, ಊಟ ತಿಂಡಿ ನಮ್ಮದೇ, ತಿಂಗಳಿಗೆ ಎರಡು ದಿನ ರಜೆ, ರಜೆಯಲ್ಲಿ ಬೇರೆಯವರನ್ನು ಕಳಿಸುತ್ತೇವೆ, ಬಿಟ್ಟು ಹೋದರೆ 24 ಗಂಟೆಯಲ್ಲಿ ಬದಲಿ. ಆಧಾರ್ ಪ್ರತಿ ಕಳಿಸಿದರು. "ಟ್ರೈನಿಂಗ್ ಆಗಿದೆಯಾ?" ಅಂತ ಕೇಳಿದೆ. "ಆಗಿದೆ ಮೇಡಂ" ಅಂದರು. ಎಲ್ಲಿ, ಎಷ್ಟು ದಿನ, ಏನು ಕಲಿಸಿದರು ಅಂತ ನಾನು ಕೇಳಲೇ ಇಲ್ಲ. ದುಡ್ಡು ಹಾಕಿದೆ.

ಮೊದಲು ಬಂದ ಹುಡುಗಿ ಮನಸ್ಸಿನಿಂದ ಒಳ್ಳೆಯವಳೇ. ಅಮ್ಮನಿಗೆ ತಲೆ ಬಾಚುತ್ತಿದ್ದಳು, ಜೋಳದ ರೊಟ್ಟಿ ಹಾಲಲ್ಲಿ ನೆನೆಸಿ ಉಣಿಸುತ್ತಿದ್ದಳು. ಆದರೆ ಎಬ್ಬಿಸುವುದು ಗೊತ್ತಿರಲಿಲ್ಲ. ಸೊಂಟದ ಆಪರೇಷನ್ ಆದವರನ್ನು ಸಾಮಾನ್ಯವಾಗಿ ಮರುದಿನದಿಂದಲೇ ಎಬ್ಬಿಸಿ ಕೂರಿಸಬೇಕು, ವಾಕರ್ ಹಿಡಿಸಿ ನಿಲ್ಲಿಸಬೇಕು. ಈಕೆಗೆ ಭಯ. "ಅಮ್ಮನಿಗೆ ನೋವಾಗುತ್ತೆ ಅಕ್ಕ" ಅಂತ ಮಲಗಿಸಿಯೇ ಇಟ್ಟಿದ್ದಳು. ಇಪ್ಪತ್ತನೇ ದಿನವೋ ಏನೋ, ವಿಡಿಯೋ ಕಾಲಿನಲ್ಲಿ ಅಮ್ಮ ಮಲಗಿದ್ದ ರೀತಿ ನೋಡಿ ಏನೋ ಸರಿ ಇಲ್ಲ ಅನ್ನಿಸಿತು. ಆಕೆ ಒಂದೇ ಪಕ್ಕಕ್ಕೆ ವಾಲುತ್ತಿದ್ದಳು. "ಬೆನ್ನು ತೋರಿಸಮ್ಮ" ಅಂದೆ. ಹುಡುಗಿ ಫೋನ್ ಹಿಂದಕ್ಕೆ ತಿರುಗಿಸಿದಳು. ಬಾಲದ ಮೂಳೆ ಹತ್ತಿರ ಎರಡು ರೂಪಾಯಿ ನಾಣ್ಯದಷ್ಟು ಕೆಂಪು.

ಇದನ್ನು ಓದುವ ಪ್ರತಿಯೊಬ್ಬರೂ ಇಷ್ಟು ಕಲಿತುಕೊಳ್ಳಿ. ಅಂಥ ಕೆಂಪು ಕಂಡರೆ ಬೆರಳಿಂದ ಒತ್ತಿ ಬಿಡಿ. ಒತ್ತಿದಾಗ ಬಿಳುಪಾಗಿ, ಬಿಟ್ಟ ಮೇಲೆ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಅಂತ. ಒತ್ತಿದರೂ ಕೆಂಪಗೇ ಇದ್ದರೆ ಅದು ಹಾಸಿಗೆ ಹುಣ್ಣಿನ ಶುರು. ಅಲ್ಲಿಂದ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು, ರಾತ್ರಿಯೂ. ನಾನು ನೂರಾರು ಹುಣ್ಣು ಕಟ್ಟಿದವಳು, ಮೂಳೆ ಕಾಣುವಷ್ಟು ಆಳದ್ದನ್ನೂ ನೋಡಿದ್ದೇನೆ. ಬೇರೆಯವರ ತಾಯಂದಿರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಬಂದು, ನನ್ನ ತಾಯಿಯ ಬೆನ್ನನ್ನು ಫೋನಿನಲ್ಲಿ ನೋಡಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಏಜೆನ್ಸಿಗೆ ಫೋನ್ ಮಾಡಿದೆ. ಅವರು ವಾದ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಮರುದಿನವೇ ಹುಡುಗಿಯನ್ನು ಬದಲಿಸಿದರು, ಗಾಳಿ ಹಾಸಿಗೆ ಬಾಡಿಗೆಗೆ ಕೊಡಿಸಿದರು. ಹುಣ್ಣು ಒಡೆಯದೇ ವಾಸಿಯಾಯಿತು. ಎರಡನೆಯವರು ಕೆಲಸ ಗೊತ್ತಿದ್ದವರು, ಮೂರು ತಿಂಗಳು ಚೆನ್ನಾಗಿ ನಡೆಯಿತು. ಅಮ್ಮ ವಾಕರ್ ಹಿಡಿದು ಬಾಗಿಲವರೆಗೆ ಬಂದಳು. ಆಮೇಲೆ ನಾಗರ ಪಂಚಮಿಗೆ ತವರಿಗೆ ಹೋದವರು ವಾಪಸ್ ಬರಲಿಲ್ಲ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗದೇ ಇರುತ್ತಾರಾ, ಅದನ್ನು ತಪ್ಪು ಅನ್ನಲ್ಲ. ಆದರೆ 24 ಗಂಟೆಯಲ್ಲಿ ಬದಲಿ ಅಂದವರು ಆರು ದಿನ ಯಾರನ್ನೂ ಕಳಿಸಲಿಲ್ಲ. "ಹಬ್ಬ ಮೇಡಂ, ಜನ ಸಿಗ್ತಿಲ್ಲ." ಆ ಆರು ದಿನ ಅಮ್ಮನನ್ನು ನೋಡಿದವರು ಪಕ್ಕದ ಮನೆಯವರು ಮತ್ತು ನಮ್ಮ ಚರ್ಚ್ ಸಭೆಯ ಸ್ತ್ರೀಯರ ಕೂಟದ ನಾಲ್ಕು ಜನ. ಸರದಿ ಹಾಕಿಕೊಂಡು ರಾತ್ರಿ ಮಲಗಲು ಬಂದರು. ಅವರಲ್ಲಿ ಒಬ್ಬರಿಗೆ ಅಮ್ಮನಿಗಿಂತ ಜಾಸ್ತಿ ವಯಸ್ಸು.

ಮೂರನೇ ದಿನ ಅಣ್ಣ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಗ್ಗೆ ಇಳಿದು, ಸ್ಟೇಷನ್‌ನಿಂದಲೇ ನನಗೆ ಫೋನ್ ಮಾಡಿದ. ಅವನು ಜೋರು ಮಾಡುವವನಲ್ಲ. ಮೆಲ್ಲಗೆ ಹೇಳಿದ, "ನೀನು ಅಲ್ಲಿ ಊರ ಮಂದಿಯ ಅವ್ವಂದಿರನ್ನೆಲ್ಲ ನೋಡ್ತೀಯ. ನಮ್ಮವ್ವನನ್ನ ನೋಡೋಕೆ ದುಡ್ಡು ಕೊಟ್ಟು ಹುಡುಕ್ತಾ ಇದ್ದೀವಿ. ಇದು ಯಾವ ಸೇವೆ, ನೀನೇ ಹೇಳು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿ ಮಲಾವಿಯಲ್ಲೂ ಇದೇ ಪ್ರಶ್ನೆ, ಬೇರೆ ಮುಖದಲ್ಲಿ. ಅಲ್ಲಿನ ಆಸ್ಪತ್ರೆಗಳಲ್ಲಿ ನರ್ಸುಗಳು ಕಮ್ಮಿ, ಹಾಗಾಗಿ ಪ್ರತಿ ರೋಗಿಯ ಜೊತೆ ಮನೆಯವರೊಬ್ಬರು ಬಂದಿರುತ್ತಾರೆ. ಗಾರ್ಡಿಯನ್ ಅನ್ನುತ್ತಾರೆ. ತಾಯಿಯೋ, ಮಗಳೋ, ಅಕ್ಕನೋ. ಆಸ್ಪತ್ರೆಯ ಆವರಣದಲ್ಲೇ ಅವರಿಗೊಂದು ಚಾವಣಿ ಇರುತ್ತದೆ. ಅಲ್ಲೇ ಮೂರು ಕಲ್ಲು ಹೂಡಿ ಮೆಕ್ಕೆಜೋಳದ ಹಿಟ್ಟಿನ ಎನ್ಸಿಮಾ ಬೇಯಿಸುತ್ತಾರೆ, ನಮ್ಮ ಸಂಗಟಿ ಇದ್ದ ಹಾಗೆ. ಬಟ್ಟೆ ಒಗೆಯುವುದು, ಮೈ ಒರೆಸುವುದು, ಉಣಿಸುವುದು ಎಲ್ಲ ಅವರೇ. ಹೊಲ ಬಿಟ್ಟು, ಚಿಕ್ಕ ಮಕ್ಕಳನ್ನು ಯಾರಿಗೋ ಒಪ್ಪಿಸಿ ವಾರಗಟ್ಟಲೆ ಇರುತ್ತಾರೆ. ಒಂದು ದಿನ ಅಮ್ಮ ಬಿದ್ದ ಸುದ್ದಿ ಕೇಳಿದ ಒಬ್ಬ ಅಜ್ಜಿ, ಮೊಮ್ಮಗಳ ಗಾರ್ಡಿಯನ್ ಆಗಿ ಬಂದವರು, ನನ್ನ ಕೈ ಹಿಡಿದು ಕೇಳಿದರು: ನಿನ್ನ ತಾಯಿಯ ಗಾರ್ಡಿಯನ್ ಯಾರು?

ದುಡ್ಡು ಕೊಟ್ಟು ಇಟ್ಟಿದ್ದೇವೆ ಅಂದೆ. ಆಕೆಗೆ ಅರ್ಥವಾಗಲಿಲ್ಲ. ಇನ್ನೊಬ್ಬ ನರ್ಸ್ ಎರಡು ಸಲ ಬಿಡಿಸಿ ಹೇಳಿದರೂ ಅರ್ಥವಾಗಲಿಲ್ಲ. ಮತ್ತೆ ಅದನ್ನೇ ಕೇಳಿದರು.

ಸಭೆಗಳಲ್ಲಿ ಸೇವೆಗೆ ಕರೆಯುವಾಗ ಲೂಕನ ಸುವಾರ್ತೆ 9ನೇ ಅಧ್ಯಾಯ ಓದುತ್ತಾರೆ. ಮೊದಲು ಹೋಗಿ ತಂದೆಯನ್ನು ಹೂಣಿಟ್ಟು ಬರುತ್ತೇನೆ ಅಂದವನಿಗೆ, ಸತ್ತವರನ್ನು ಸತ್ತವರೇ ಹೂಣಿಡಲಿ, ನೀನು ಹೋಗಿ ದೇವರ ರಾಜ್ಯವನ್ನು ಸಾರು ಅಂತ ಯೇಸು ಹೇಳಿದ ಭಾಗ. ನಾನೂ ಅದನ್ನು ಕೇಳಿಯೇ ಎದ್ದು ನಿಂತವಳು. ಆದರೆ ಅದೇ ಯೇಸು ಮಾರ್ಕನ ಸುವಾರ್ತೆ 7ರಲ್ಲಿ ಸಿಟ್ಟಾಗಿ ಮಾತಾಡುತ್ತಾನಲ್ಲ, ತಂದೆತಾಯಿಗೆ ಕೊಡಬೇಕಾದದ್ದನ್ನು "ಕೊರ್ಬಾನ್, ದೇವರಿಗೆ ಮೀಸಲು" ಅಂತ ಹೇಳಿ ಕೈ ತೊಳೆದುಕೊಳ್ಳುವವರ ಮೇಲೆ. ಅದನ್ನು ಮಿಷನ್ ಕೂಟಗಳಲ್ಲಿ ಯಾರೂ ಓದಿದ್ದು ನಾನು ಕೇಳಿಲ್ಲ. ಎರಡೂ ಒಂದೇ ಬಾಯಿಂದ ಬಂದ ಮಾತು. ಒಂದನ್ನು ಮಾತ್ರ ಇಟ್ಟುಕೊಂಡು ಹೊರಟರೆ ಸುಳ್ಳಾಗುತ್ತದೆ ಅಂತ ನನಗೆ ಅನ್ನಿಸಿದ್ದು ಆ ಆರು ದಿನಗಳಲ್ಲಿ.

ನಾನಿರುವ ಕಡೆ ಹಳೆಯ ಕಾಲದ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಹೆಸರು ಎಲ್ಲೆಲ್ಲೂ ಇದೆ. ಬ್ಲಾಂಟೈರ್ ಊರಿಗೆ ಆ ಹೆಸರು ಬಂದದ್ದೇ ಆತ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಊರಿಂದ. ಆತನನ್ನು ಆಫ್ರಿಕಾಕ್ಕೆ ಕಳಿಸಿದ್ದು ಲಂಡನ್ ಮಿಷನರಿ ಸೊಸೈಟಿ. 1810ರಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತದ್ದೂ ಅದೇ ಸೊಸೈಟಿಯಿಂದ, ಅಂದರೆ ನಾನು ಕನ್ನಡದಲ್ಲಿ ವಾಕ್ಯ ಓದುವುದಕ್ಕೆ ಮೊದಲು ದಾರಿ ಮಾಡಿದವರು ಅವರೇ. ಲಿವಿಂಗ್‌ಸ್ಟನ್ 1852ರಲ್ಲಿ ಹೆಂಡತಿ ಮೇರಿಯನ್ನೂ ನಾಲ್ಕು ಮಕ್ಕಳನ್ನೂ ಬ್ರಿಟನ್ನಿಗೆ ಹಡಗು ಹತ್ತಿಸಿ ಒಳನಾಡಿಗೆ ಹೋದ. ಆಕೆ ವರ್ಷಗಟ್ಟಲೆ ದುಡ್ಡಿಲ್ಲದೆ, ನೆಲೆಯಿಲ್ಲದೆ ಕಷ್ಟಪಟ್ಟಳು. ಆತನ ಹೆಸರಿನ ಫಲಕ ನೋಡಿದಾಗಲೆಲ್ಲ ನನಗೆ ಮೇರಿ ನೆನಪಾಗುತ್ತಾಳೆ. ಆ ಮಿಷನರಿಗಳಿಂದ ಆದ ಒಳ್ಳೆಯದನ್ನು ನಾನು ಅಲ್ಲಗಳೆಯುವುದಿಲ್ಲ, ನಾನೇ ಅದರ ಫಲ. ಆದರೆ ಮನೆಯವರು ಕೊಟ್ಟ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸರಿ, ಸೇವೆಯ ವಿಷಯಕ್ಕೆ ಬರುತ್ತೇನೆ. ಆ ಸೆಪ್ಟೆಂಬರ್‌ನಲ್ಲಿ ಆರು ವಾರಕ್ಕೆ ಊರಿಗೆ ಬಂದೆ. ಏಜೆನ್ಸಿಯವರು ಮೂರನೆಯವರನ್ನು ಕಳಿಸಿದ್ದರು, ಸಿರುಗುಪ್ಪ ಕಡೆಯವರು, ನಲವತ್ತರ ಆಸುಪಾಸು, ಗಂಡ ಇಲ್ಲ, ಏಳನೇ ತರಗತಿವರೆಗೆ ಓದಿದ್ದಾರೆ. ನಾವು ಸಿರುಗುಪ್ಪದ ಅಕ್ಕ ಅಂತಲೇ ಕರೆಯುವುದು. ಈ ಸಲ ನಾನು ಮೊದಲ ಹತ್ತು ದಿನ ಏನನ್ನೂ ಮಾಡದೆ ಅವರ ಜೊತೆಗೇ ಇದ್ದೆ. ಎಬ್ಬಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಬಾರದು, ಸೊಂಟಕ್ಕೆ ಬಟ್ಟೆ ಸುತ್ತಿ ಹಿಡಿಯಬೇಕು. ಕುಕ್ಕರಗಾಲಲ್ಲಿ ಕೂರಿಸಬಾರದು, ಕಾಲಿನ ಮೇಲೆ ಕಾಲು ಹಾಕಲು ಬಿಡಬಾರದು, ಕಮೋಡ್ ಕುರ್ಚಿಯೇ ಬಳಸಬೇಕು. ಅದೆಲ್ಲ ಅವರು ಎರಡು ದಿನದಲ್ಲಿ ಕಲಿತರು. ಉಳಿದ ದಿನ ಅಮ್ಮ ಯಾರು ಅಂತ ಹೇಳಿಕೊಟ್ಟೆ. ಅಮ್ಮ ಎದ್ದ ಕೂಡಲೇ ಬಿಸಿನೀರು ಕುಡಿಯಬೇಕು, ಟೀ ಆಮೇಲೆ. ರಾತ್ರಿ ಬಾಗಿಲು ಪೂರ್ತಿ ಹಾಕಿದರೆ ಹೆದರುತ್ತಾಳೆ. ಬಚ್ಚಲಿಗೆ ಹೋಗಬೇಕು ಅಂತ ಬಾಯಿಬಿಟ್ಟು ಹೇಳಲ್ಲ, ಸಂಕೋಚ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳಲು ಶುರು ಮಾಡುತ್ತಾಳೆ, ಅದೇ ಗುರುತು. ಎಲ್ಲವನ್ನೂ ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಹೊರಡುವ ಹಿಂದಿನ ರಾತ್ರಿ ಅಣ್ಣನನ್ನೂ ಕೂರಿಸಿಕೊಂಡು, ಅಮ್ಮನ ಎದುರಿಗೇ, ಅಕ್ಕನ ಕೈ ಹಿಡಿದು "ಇವರು ನಮ್ಮ ತಾಯಿ, ನಿಮಗೆ ಒಪ್ಪಿಸುತ್ತಿದ್ದೇನೆ" ಅಂದೆ. ಯೋಹಾನನ ಸುವಾರ್ತೆ 19ರಲ್ಲಿ ಶಿಲುಬೆಯ ಮೇಲಿದ್ದು ಯೇಸು ಮಾಡಿದ್ದೂ ಇದೇ ಅಲ್ವಾ? ತಾಯಿಯನ್ನು ಯಾರಾದರೂ ನೋಡಿಕೊಳ್ಳಲಿ ಅಂತ ಬಿಡಲಿಲ್ಲ. ಎದುರಿಗೆ ನಿಂತಿದ್ದ ಒಬ್ಬ ಶಿಷ್ಯನನ್ನು ನೋಡಿ, ಇಗೋ ನಿನ್ನ ತಾಯಿ ಅಂದ.

ಫೋನಿನಲ್ಲಿ ದುಡ್ಡು ಹಾಕಿ ಮೊದಲ ಹುಡುಗಿಯನ್ನು ಇಟ್ಟಾಗ ನಾನು ಮಾಡದೇ ಬಿಟ್ಟದ್ದು ಇದನ್ನೇ. ಒಪ್ಪಿಸಲಿಲ್ಲ. ಏಜೆನ್ಸಿ ಆಳನ್ನು ಕಳಿಸುತ್ತದೆ, ಒಪ್ಪಿಸುವ ಕೆಲಸ ಮಾಡಲ್ಲ. ಅದು ಅವರ ಕೈಲಿ ಆಗುವ ಕೆಲಸವೂ ಅಲ್ಲ.

ಈಗ ಮಲಾವಿಯಲ್ಲಿರುವಾಗ ದಿನಾ ಬೆಳಗಿನ ಐದು ಗಂಟೆಗೆ ಎದ್ದು ಕಾಲ್ ಮಾಡುತ್ತೇನೆ, ಬಳ್ಳಾರಿಯಲ್ಲಿ ಆಗ ಎಂಟೂವರೆ. ಅಕ್ಕ ಫೋನನ್ನು ಶೇಂಗಾ ಹಿಂಡಿಯ ಸ್ಟೀಲ್ ಡಬ್ಬಿಗೆ ಒರಗಿಸಿ ಇಡುತ್ತಾರೆ. ಮೊದಲು ಬೆನ್ನು ತೋರಿಸುತ್ತಾರೆ, ಕೇಳುವುದಕ್ಕೂ ಮುಂಚೆ. ಆಮೇಲೆ ಅಮ್ಮ ವಾಕರ್ ಹಿಡಿದು ಮಂಚದಿಂದ ಬಾಗಿಲವರೆಗೆ ನಡೆಯುತ್ತಾಳೆ, ಹದಿನಾಲ್ಕು ಹೆಜ್ಜೆ, ಅಕ್ಕ ಎಣಿಸುತ್ತಾರೆ. ಬಾಗಿಲಲ್ಲಿ ನಿಂತರೆ ಬಳ್ಳಾರಿ ಗುಡ್ಡ ಕಾಣುತ್ತದೆ. ಅಮ್ಮನಿಗೆ ಕಣ್ಣು ಮಂಜಾಗಿದೆ, ಬೈಬಲ್ ಓದಲು ಆಗಲ್ಲ. ಅಕ್ಕ ದುರ್ಗಮ್ಮನಿಗೆ ನಡೆದುಕೊಳ್ಳುವವರು, ಆದರೂ ಅಮ್ಮನ ದೊಡ್ಡ ಅಕ್ಷರದ ಬೈಬಲ್ ತೆಗೆದು ಬೆರಳಿಟ್ಟುಕೊಂಡು ಒಂದೊಂದೇ ಪದ ಕೂಡಿಸಿ ಓದುತ್ತಾರೆ. ಹೆಚ್ಚಾಗಿ 121ನೇ ಕೀರ್ತನೆ, ಬೆಟ್ಟಗಳ ಕಡೆ ಕಣ್ಣೆತ್ತುವ ಕೀರ್ತನೆ. ಅಮ್ಮನಿಗೆ ಬಾಯಿಪಾಠ. ಆದರೂ ಅಕ್ಕ ತಡವರಿಸಿದ ಕಡೆ ತಾನು ಮುಂದೆ ಹೋಗದೆ, ಅವರು ಪದ ಮುಗಿಸುವವರೆಗೆ ಕಾಯುತ್ತಾಳೆ.

ಇನ್ನು ದುಡ್ಡು. ತಿಂಗಳಿಗೆ ನಾವು ಕೊಡುವ 19,500ರಲ್ಲಿ ಅಕ್ಕನ ಕೈಗೆ ಸಿಗುವುದು 13,000 ಅಂತ ಗೊತ್ತಾದಾಗ ನನಗೆ ತುಂಬಾ ಬೇಸರವಾಯಿತು. ಹಗಲು ರಾತ್ರಿ ಇರುವವರಿಗೆ ಇದು ಕಮ್ಮಿ. ನೇರವಾಗಿ ಇಟ್ಟುಕೊಳ್ಳಬಾರದು ಅಂತ ಕರಾರಿಗೆ ಸಹಿ ಹಾಕಿದ್ದೇವೆ, ಅದನ್ನು ಮುರಿಯಲಿಲ್ಲ. ಬದಲಿಗೆ ಕೂತು ಮಾತಾಡಿದೆವು. ಈಗ 21,000 ಕೊಡುತ್ತೇವೆ, ಅಕ್ಕನಿಗೆ 16,500 ಹೋಗುತ್ತದೆ, ರಸೀದಿ ನೋಡುತ್ತೇನೆ. ನೀವೂ ಮೊದಲ ದಿನವೇ ಇದನ್ನು ಕೇಳಿ. ಕಮ್ಮಿ ಸಿಗುವವರು ಪಂಚಮಿಗೆ ಹೋದರೆ ವಾಪಸ್ ಬರಲು ಅವರಿಗೇನು ಕಾರಣ ಇರುತ್ತದೆ? ಹೊರದೇಶದ ಸೇವೆಯಲ್ಲಿರುವವರು ಇನ್ನೊಂದನ್ನು ಯೋಚಿಸಬೇಕು. ನನ್ನ ಭತ್ಯೆ ಮಲಾವಿಯ ಹಣ ಕ್ವಾಚಾದಲ್ಲಿ ಬರುತ್ತಿತ್ತು. 2023ರ ನವೆಂಬರ್‌ನಲ್ಲಿ ಅಲ್ಲಿನ ರಿಸರ್ವ್ ಬ್ಯಾಂಕ್ ಕ್ವಾಚಾದ ಬೆಲೆ ಇಳಿಸಿತು, ಕ್ವಾಚಾದಲ್ಲಿ ಡಾಲರ್ ಒಂದೇ ಸಲ ಶೇ. 44 ದುಬಾರಿಯಾಯಿತು. ನನ್ನ ಪಾಲಿನ ದುಡ್ಡಿನಲ್ಲಿ ಮೂರನೇ ಒಂದರ ಹತ್ತಿರ ಕರಗಿ ಹೋಯಿತು, ಇಲ್ಲಿ ಬಿಲ್ಲು ರೂಪಾಯಿಯಲ್ಲಿ. ಆಮೇಲಿನ ನಾಲ್ಕು ತಿಂಗಳು ಪೂರ್ತಿ ಅಣ್ಣ ಕಟ್ಟಿದ, ಒಂದು ಮಾತೂ ಆಡಲಿಲ್ಲ. ಸೇವೆಗೆ ಹೊರಡುವ ಮೊದಲು ತಂದೆತಾಯಿಯ ಹೆಸರಿನಲ್ಲಿ ಕಡೇಪಕ್ಷ ಆರು ತಿಂಗಳ ಖರ್ಚು ಇಲ್ಲಿಯ ಬ್ಯಾಂಕಿನಲ್ಲಿ ಇಟ್ಟು ಹೋಗಿ. ಕಳಿಸುವ ಸಂಸ್ಥೆಯ ಜೊತೆ ಮಾತಾಡುವಾಗಲೇ ಇದನ್ನು ಕೇಳಿ, ನಾಚಿಕೆ ಪಡಬೇಡಿ.

ಪಿಂಚಣಿ ಇರುವವರಿಗೆ ಒಂದು ಉಪಯೋಗದ ಮಾತು. ಅಮ್ಮನಿಗೆ ಅಪ್ಪನ ರೈಲ್ವೆ ಪಿಂಚಣಿ ಬರುತ್ತದೆ, ಪ್ರತಿ ನವೆಂಬರ್‌ನಲ್ಲಿ ಬದುಕಿದ್ದೇನೆ ಅಂತ ಪ್ರಮಾಣಪತ್ರ ಕೊಡಬೇಕು. ಸೊಂಟ ಮುರಿದವಳನ್ನು ಬ್ಯಾಂಕಿಗೆ ಹೊತ್ತುಕೊಂಡು ಹೋಗಬೇಕಾ ಅಂತ ಚಿಂತೆ ಮಾಡಿದ್ದೆವು. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮನೆ ಬಾಗಿಲ ಸೇವೆ ಇದೆ. ನಾವು 70 ರೂಪಾಯಿ ಕೊಟ್ಟೆವು, ಪೋಸ್ಟ್‌ಮ್ಯಾನ್ ಮನೆಗೇ ಬಂದು ಜೀವನ ಪ್ರಮಾಣ ಮಾಡಿಸಿಕೊಟ್ಟರು. ಅಮ್ಮನ ಬೆರಳಚ್ಚು ಹತ್ತಲಿಲ್ಲ, ಅಷ್ಟು ವರ್ಷ ಕತ್ತರಿ ಹಿಡಿದ ಬೆರಳುಗಳು. ಆ ಪೋಸ್ಟ್‌ಮ್ಯಾನ್ ಅಣ್ಣ ಬೇಸರ ಮಾಡಿಕೊಳ್ಳದೆ ಮುಖ ತೋರಿಸುವ ವಿಧಾನದಲ್ಲಿ ಮುಗಿಸಿದರು. ಇದಕ್ಕೆ ನಾನು ಐದಕ್ಕೆ ಐದು ಕೊಡುತ್ತೇನೆ. ಹಿರಿಯರ ವಿಷಯದಲ್ಲಿ ಏನೇ ತೊಂದರೆ ಆದರೂ 14567 ಸಹಾಯವಾಣಿ ಇದೆ, ನಂಬರ್ ಗೋಡೆಗೆ ಅಂಟಿಸಿಡಿ.

ಕೇರ್‌ಟೇಕರ್ ಸೇವೆಗೆ ಐದಕ್ಕೆ ಮೂರೂವರೆ. ಬದಲಿ ಕಳಿಸುವ ಮಾತು ತಪ್ಪಿದ್ದಕ್ಕೆ, ಟ್ರೈನಿಂಗ್ ಇಲ್ಲದವರನ್ನು ಆಗಿದೆ ಅಂತ ಕಳಿಸಿದ್ದಕ್ಕೆ ಒಂದೂವರೆ ಕಡಿಮೆ. ತಗೋಬೇಕಾ ಅಂದರೆ, ತಗೊಳ್ಳಿ. ಆದರೆ ಮೊದಲ ಹತ್ತು ದಿನ ಮನೆಯವರೊಬ್ಬರು ಜೊತೆಗಿರಲು ಆಗುವಾಗ ಮಾತ್ರ ಶುರು ಮಾಡಿ. ಊರಿನಲ್ಲಿ ಒಬ್ಬರು, ಸಭೆಯವರೋ ನೆಂಟರೋ, ಹೇಳದೆ ಕೇಳದೆ ಯಾವಾಗ ಬೇಕಾದರೂ ಬಾಗಿಲು ತಟ್ಟುವವರು ಇರಲಿ. ನಮಗೆ ಸ್ತ್ರೀಯರ ಕೂಟದವರಿದ್ದಾರೆ, ಬುಧವಾರ ಮನೆ ಪ್ರಾರ್ಥನೆಗೆ ಬರುತ್ತಾರೆ, ಉಳಿದ ದಿನ ಸುಮ್ನೆ ಬರುತ್ತಾರೆ.

ಕಳಿಸಿದ ಸಂಸ್ಥೆಗೆ ನಾನು ಪತ್ರ ಬರೆದೆ. ವರ್ಷಕ್ಕೆ ಹತ್ತು ತಿಂಗಳು ಅಲ್ಲಿ, ಎರಡು ತಿಂಗಳು ಅಮ್ಮನ ಹತ್ತಿರ, ಆ ಎರಡು ತಿಂಗಳ ಭತ್ಯೆ ಬೇಡ ಅಂದೆ. ಒಬ್ಬ ಹಿರಿಯ ಸೇವಕರು "ನೇಗಿಲಿಗೆ ಕೈ ಹಾಕಿ ಹಿಂದೆ ನೋಡಬಾರದು ತಂಗಿ" ಅಂದರು. ಹಿಂದೆ ನೋಡುತ್ತಿಲ್ಲ ಅಯ್ಯಾ, ಅದೂ ನನಗೆ ಕೊಟ್ಟ ಹೊಲವೇ ಅಂದೆ. ಈ ವರ್ಷದ ಮಟ್ಟಿಗೆ ಒಪ್ಪಿದ್ದಾರೆ, ಮುಂದಿನ ವರ್ಷ ಮತ್ತೆ ಕೇಳಬೇಕು. ಅಣ್ಣ ತಿಂಗಳಿಗೆ ಎರಡು ಶನಿವಾರ ಬರುತ್ತಾನೆ. ನಾವಿಬ್ಬರೂ ಈಗ ಸೇವೆಯ ಬಗ್ಗೆ ವಾದ ಮಾಡಲ್ಲ, ಅಮ್ಮನ ಮಾತ್ರೆಯ ಬಗ್ಗೆ ಮಾತಾಡುತ್ತೇವೆ.

ಈಗ ಊರಿಗೆ ಬಂದಿದ್ದೇನೆ, ಜನವರಿಯಲ್ಲಿ ಮತ್ತೆ ಹೊರಡಬೇಕು. ನಿನ್ನೆ ಅಕ್ಕ ನೋಟ್‌ಬುಕ್ ತಂದು ತೋರಿಸಿದರು, ಹಾಳೆ ಮುಗಿದಿದೆ. ಹಿಂದಿನ ಅರ್ಧ ಪೂರ್ತಿ ಅವರದೇ ಅಕ್ಷರ, ಅಮ್ಮನ ಬಗ್ಗೆ ನನಗೇ ಗೊತ್ತಿಲ್ಲದ ಎಷ್ಟೋ ವಿಷಯ ಬರೆದಿದ್ದಾರೆ. ಹೊಸದೊಂದು ತರಲು ಈಗ ಅಂಗಡಿಗೆ ಹೊರಟಿದ್ದೇನೆ.